ತಲೆಕೆಳಗಾದ ಹದಿನಾರು ಪುಟ

ನನ್ನ ತಂಗಿ ಇನ್ನಿಲ್ಲವೆಂಬ ಸುದ್ದಿ ಬಂದಾಗ ನಾನು ಒಂದು ಹಳೆಯ ನಿಘಂಟಿನ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದೆ. ಮಧ್ಯಾಹ್ನ ಹನ್ನೆರಡರ ಸಮಯ. ಮಗಳು ತನ್ನ ಕಚೇರಿ ಬಿಟ್ಟು ಆ ಹೊತ್ತಿನಲ್ಲಿ ಅಂಗಡಿಗೆ ಬಂದವಳೇ ಅಲ್ಲ. ಅಂದು ಬಾಗಿಲಲ್ಲಿ ಬಂದು ನಿಂತಳು. "ಅಮ್ಮಾ, ಚಿಕ್ಕಮ್ಮ..." ಎಂದಷ್ಟೇ ಅಂದಳು. ಉಳಿದದ್ದನ್ನು ಅವಳ ಮುಖ ಹೇಳಿತು. ಅಂಟು ಹಚ್ಚಿದ ಬಟ್ಟೆಯನ್ನು ಹಾಗೇ ಬಿಟ್ಟರೆ ಒಳಗೆ ಗಾಳಿ ನಿಂತು ಗುಳ್ಳೆ ಏಳುತ್ತದೆ. ನಾನು ಮೂಳೆಯ ಪಟ್ಟಿಯನ್ನು ಕೈಗೆ ತೆಗೆದುಕೊಂಡು ನಿಘಂಟಿನ ಬೆನ್ನನ್ನು ಮೇಲಿನಿಂದ ಕೆಳಕ್ಕೆ ತೀಡಿದೆ. ಮತ್ತೆ ತೀಡಿದೆ. ಅದು ಮುಗಿದ ಮೇಲೆ ಕೂತೆ. ಆಮೇಲೆ ಅತ್ತೆ. ಕಲ್ಲುಮನಸ್ಸಿನವಳೆಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ಕೈಗೆ ನಲವತ್ತೆರಡು ವರ್ಷದ ಅಭ್ಯಾಸ; ಸಾವಿನ ಸುದ್ದಿ ಅದರವರೆಗೆ ಬೇಗ ಹೋಗಿ ಮುಟ್ಟುವುದಿಲ್ಲ.

ತಂಗಿ ಪರದೇಶಕ್ಕೆ ಹೋಗಿ ಅಂದಿಗೆ ಹದಿಮೂರು ದಿನ. ಒಬ್ಬಳೇ ಹೋಗಿದ್ದಳು. ಇಪ್ಪತ್ತೊಂದು ದಿನಕ್ಕೆ ಹೋದವಳು ಹಿಂದಿನ ದಿನ ಒಂದು ಸರೋವರದ ಮೇಲೆ, ದೋಣಿಯಲ್ಲಿ ಕೂತ ಹಾಗೆಯೇ, ಹೃದಯ ನಿಂತು ಹೋಗಿಬಿಟ್ಟಿದ್ದಳು.

ನಮ್ಮದು ಪುಸ್ತಕ ಕಟ್ಟುವ ಅಂಗಡಿ, ಅಪ್ಪನಿಂದ ಬಂದದ್ದು. ತಂಗಿ ಮದುವೆಯಾಗಲಿಲ್ಲ, ನನ್ನ ಯಜಮಾನರು ಬೇಗ ತೀರಿಕೊಂಡರು. ಹಾಗಾಗಿ ಅಪ್ಪನ ಮೇಜಿನ ಎರಡು ಬದಿಗೆ ನಾವಿಬ್ಬರೂ ಉಳಿದೆವು. ಅವಳು ಹೊಲಿಯುವವಳು, ನಾನು ರಟ್ಟು ಹಾಕುವವಳು. ನಾನು ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದೆ. ಅವಳು ಕಿಟಕಿಗೆ ಬೆನ್ನು ಹಾಕಿ, ನನ್ನ ಕಡೆಗೂ ನನ್ನ ಹಿಂದಿನ ಗೋಡೆಯ ಕಡೆಗೂ ಮುಖ ಮಾಡಿ ಕೂರುತ್ತಿದ್ದಳು. ಮೊದಲ ದಿನ ಯಾರು ಎಲ್ಲಿ ಕೂತೆವೋ ಕೊನೆಯ ದಿನವೂ ಅಲ್ಲಿಯೇ. ಎಂಟೂವರೆಗೆ ಬಾಗಿಲು ತೆರೆಯುವುದು, ಅಂಟು ಕಾಯಿಸುವುದು, ಹತ್ತೂವರೆಗೆ ಚಹಾ, ಮಧ್ಯಾಹ್ನ ಪ್ರೆಸ್ಸಿನ ತಿರುಪು ಬಿಗಿಸುವುದು, ಐದಕ್ಕೆ ಕಾಗದದ ಚೂರು ಗುಡಿಸುವುದು. ಗಡಿಯಾರ ಕೆಟ್ಟರೆ ನಮ್ಮನ್ನು ನೋಡಿ ಗಂಟೆ ತಿಳಿಯಬಹುದೆಂದು ಪಕ್ಕದ ಕನ್ನಡಕದಂಗಡಿಯವನು ಹೇಳುತ್ತಿದ್ದ.

ಚಿಕ್ಕಂದಿನಲ್ಲಿ ನನ್ನ ಬಟ್ಟೆಯ ಅಂಚು ಹಿಡಿದು ನಾನು ಹೋದಲ್ಲೆಲ್ಲ ಬರುತ್ತಿದ್ದುದರಿಂದ ಅಪ್ಪ ಅವಳಿಗೆ ಗೋಂದು ಎಂದು ಹೆಸರಿಟ್ಟಿದ್ದರು. ಅರವತ್ತೊಂದು ದಾಟಿದರೂ ಬೀದಿಗೆಲ್ಲ ಅವಳು ಗೋಂದಮ್ಮನೇ.

ಎರಡು ವರ್ಷದ ಹಿಂದೆ ಕಟ್ಟಲು ಬಂದ ಒಂದು ಹಳೆಯ ಪುಸ್ತಕದಲ್ಲಿ ಒಂದು ಸರೋವರದ ಚಿತ್ರವಿತ್ತು. ಸುತ್ತ ಬೆಟ್ಟ, ನಡುವೆ ನೀರು, ನೀರಿನ ಮೇಲೆ ಬಿಳಿಯ ದೋಣಿ. ಹತ್ತು ನಿಮಿಷದಲ್ಲಿ ಹೊಲಿಯಬೇಕಾದ ಆ ಭಾಗಕ್ಕೆ ಗೋಂದು ಅರ್ಧ ದಿನ ತೆಗೆದುಕೊಂಡಳು. ಆಮೇಲೊಂದು ಬೆಳಿಗ್ಗೆ ದಾರಕ್ಕೆ ಮೇಣ ತಿಕ್ಕುತ್ತಾ, ತಲೆಯೆತ್ತದೆ, "ಅಕ್ಕಾ, ನಾನೊಂದ್ಸಲ ಎಲ್ಲಾದ್ರೂ ದೂರ ಹೋಗಿಬರ್ತೀನಿ. ಬೇರೆ ದೇಶಕ್ಕೆ" ಎಂದಳು.

ಇಲ್ಲಿ ನಿನಗೆ ಏನಾಗಿದೆ ಎಂದು ಕೇಳಿದೆ.

"ಏನೂ ಆಗಿಲ್ಲ. ಅದಕ್ಕೇ" ಎಂದಳು.

ನಾನು ನಕ್ಕೆ. ಕನ್ನಡಕದಂಗಡಿಯವನಿಗೂ ವಿಷಯ ತಿಳಿದು, ಗೋಂದು ಒಣಗಿ ಕಿತ್ತು ಬಂತೇನಮ್ಮಾ ಎಂದು ಛೇಡಿಸಿದ. "ಕಿತ್ತು ಬಂದಿಲ್ಲ ಅಣ್ಣಾ, ಎಳೆದ್ರೆ ಎಷ್ಟು ದೂರ ಬರುತ್ತೆ ಅಂತ ನೋಡ್ತಿದೀನಿ" ಎಂದು ಇವಳು ಉತ್ತರ ಕೊಟ್ಟಳು. ಅವಳು ನಿಜವಾಗಿ ಕಾಗದಪತ್ರ ಮಾಡಿಸಿಕೊಂಡು, ಆ ಚಿತ್ರದ ಊರಿನಲ್ಲೇ ಕೋಣೆ ಗೊತ್ತುಮಾಡಿದಾಗ ನನಗೆ ನಗು ನಿಂತಿತು. ಈ ವಯಸ್ಸಿನಲ್ಲಿ ಒಬ್ಬಳನ್ನೇ ಕಳಿಸುವುದು ಹೇಗೆ, ನಾನೂ ಬರುತ್ತೇನೆ ಎಂದೆ. ಅವಳು ಸೂಜಿಯನ್ನು ಕೆಳಗಿಟ್ಟಳು.

"ನೀನು ಬಂದ್ರೆ ಅಂಗಡೀನೂ ಬಂದ ಹಾಗೆ ಅಕ್ಕಾ."

ರಟ್ಟು ಚುಚ್ಚುವ ದಬ್ಬಳ ಒಂದು ಸಲ ಕೈಗೆ ಹೊಕ್ಕಿತ್ತು. ಆಗಲೂ ಅಷ್ಟು ನೋವಾಗಿರಲಿಲ್ಲ. ಅವಳಿಗೆ ಬೇಸರ ತಂದದ್ದು ಅಂಗಡಿಯಲ್ಲ, ನಾನು ಎಂದು ಅಂದಿನಿಂದ ನನ್ನ ಮನಸ್ಸಿನಲ್ಲಿ ಕೂತಿತು.

ಪ್ರಯಾಣಕ್ಕೆ ಅವಳಿಗೊಂದು ಬರೆಯುವ ಪುಸ್ತಕ ಬೇಕಾಯಿತು. ತನ್ನ ಪುಸ್ತಕವನ್ನು ತಾನೇ ಕಟ್ಟಿಕೊಳ್ಳಬಾರದೆಂಬುದು ಅಪ್ಪನ ನಿಯಮ. ತನ್ನ ತಲೆ ತಾನೇ ಬೋಳಿಸಿಕೊಂಡ ಹಾಗೆ, ಹಿಂಭಾಗ ಕಾಣುವುದಿಲ್ಲ ಎನ್ನುತ್ತಿದ್ದರು. ಆದ್ದರಿಂದ ಅದನ್ನು ಹೊಲಿಯುವ ಕೆಲಸ ನನಗೆ ಬಂತು. ಗೆರೆ ಎಳೆದ ಕಾಗದ. ಪ್ರತಿ ಪುಟದ ತಲೆಯಲ್ಲಿ ತಾರೀಖಿಗೆಂದು ಎರಡು ಬೆರಳಿನಷ್ಟು ಜಾಗ, ಅದರ ಕೆಳಗೊಂದು ಕೆಂಪು ಗೆರೆ, ಆಮೇಲೆ ನೀಲಿ ಗೆರೆಗಳು. ಹದಿನಾರು ಪುಟಕ್ಕೊಂದು ಕಟ್ಟು; ಅದಕ್ಕೆ ನಾವು ಫಾರಂ ಎನ್ನುತ್ತೇವೆ. ಒಂದೊಂದು ಫಾರಮ್ಮಿನ ಬೆನ್ನಿಗೂ ಸೀಸದಕಡ್ಡಿಯಿಂದ ಗುರುತು ಹಾಕಿಕೊಂಡು ಹೊಲಿಯುವುದು ನಮ್ಮ ಪದ್ಧತಿ. ಗುರುತುಗಳು ಮೆಟ್ಟಿಲಿನಂತೆ ಇಳಿದು ಬಂದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಅಂದು ನಾನು ಗುರುತು ಹಾಕಲಿಲ್ಲ. ಸಿಟ್ಟಿನಲ್ಲಿ ದಡದಡನೆ ಹೊಲಿದು, ರಟ್ಟು ಹಾಕಿ, ತೆರೆದೂ ನೋಡದೆ ಅವಳ ಮುಂದೆ ಇಟ್ಟೆ.

ಹೊರಡುವ ದಿನ ಅವಳು ಅಂಗಡಿಯ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತು, ಬರ್ತೀನಕ್ಕಾ ಎಂದಳು. ನಾನು ಮೇಲೆದ್ದು ಹೋಗಲಿಲ್ಲ.

"ದಾರ ಎಲ್ಲಿಟ್ಟಿದೀಯ, ಹೇಳಿ ಹೋಗು" ಎಂದೆ.

"ಎರಡನೇ ಖಾನೆ. ಮೇಣದ ಪಕ್ಕ" ಎಂದಳು.

ನಾವಿಬ್ಬರೂ ಆಡಿದ ಕೊನೆಯ ಮಾತು ಇದೇ. ಅಲ್ಲಿಂದ ಫೋನು ಮಾಡುವುದಿಲ್ಲ, ನೀವೂ ಮಾಡಬೇಡಿ ಎಂದು ಮಗಳಿಗೆ ಹೇಳಿ ಹೋಗಿದ್ದಳು. ನಾನೇನು ಕಾದು ಕೂತಿದ್ದೇನೆಯೇ ಎಂದು ನಾನೂ ಬಿಗಿದುಕೊಂಡೆ.

ಅವಳ ದೇಹ ಬಂತು. ಮಾಡಬೇಕಾದ ಕೊನೆಯ ಕೆಲಸಗಳೆಲ್ಲ ಮುಗಿದವು. ಪೆಟ್ಟಿಗೆಯ ಜೊತೆಗೆ ಆ ಪುಸ್ತಕವೂ ಬಂತು. ಮೊದಲ ಪುಟ ತೆರೆದೆ. "ಮೊದಲನೇ ದಿನ" ಎಂಬ ಅವಳ ದುಂಡನೆಯ ಅಕ್ಷರ ಕಂಡೊಡನೆ ಮುಚ್ಚಿಬಿಟ್ಟೆ. ಅಕ್ಕನಿಂದ ತಪ್ಪಿಸಿಕೊಂಡು ಬಂದು ಎಷ್ಟು ಸುಖವಾಗಿದ್ದೇನೆ ಎಂದು ಬರೆದಿದ್ದರೆ ಏನು ಮಾಡಲಿ? ಬೆಳಗಿನ ಪ್ರಾರ್ಥನೆಯಲ್ಲಿ ದೇವರನ್ನು ಇದೊಂದನ್ನೇ ಕೇಳುತ್ತಿದ್ದೆ: ಅವಳು ಹೋದದ್ದು ನನ್ನಿಂದ ದೂರವಾಗಲಿಕ್ಕೋ? ದೇವರು ಸುಮ್ಮನಿದ್ದ. ಪ್ರಾರ್ಥನೆ ಉದ್ದವಾದರೆ ಗೋಂದು ಬಾಗಿಲಲ್ಲಿ ನಿಂತು, ಬೇಗ ಮುಗಿಸಕ್ಕಾ, ಅವನಿಗೂ ಬೇರೆ ಕೆಲಸ ಇರುತ್ತೆ ಎನ್ನುತ್ತಿದ್ದಳು. ಈಗ ಹಾಗೆನ್ನುವವರೂ ಇಲ್ಲ.

ಎರಡು ತಿಂಗಳ ಮೇಲೆ ಆ ಊರಿನ ವಸತಿಮನೆಯ ಒಡತಿ ಕಾಗದ ಬರೆದಳು. ನಿಮ್ಮ ತಂಗಿ ಇನ್ನೂ ಒಂಬತ್ತು ದಿನ ಇರಬೇಕಾಗಿತ್ತು. ಆ ಒಂಬತ್ತು ದಿನ ನನ್ನ ಬಳಿ ಹಾಗೇ ಇವೆ, ಮನೆಯವರು ಯಾರಾದರೂ ಬಂದು ಇದ್ದು ಹೋದರೆ ನನ್ನ ಮನಸ್ಸಿಗೂ ನೆಮ್ಮದಿ ಎಂದಿದ್ದಳು. ಮಗಳು ಓದಿ ಹೇಳಿ, ಇಬ್ಬರೂ ಹೋಗಿ ಬರೋಣ, ರಜೆ ಹಾಕುತ್ತೇನೆ ಎಂದಳು.

"ಬೇಡಮ್ಮಾ. ನೀನು ಬಂದ್ರೆ ಮನೇನೂ ಬಂದ ಹಾಗೆ" ಎಂದೆ.

ಅಂದ ಮೇಲೆ ಆ ಮಾತು ನನ್ನ ಕಿವಿಗೆ ಬಿತ್ತು. ಮಗಳ ಮೇಲೆ ನನಗೆ ಪ್ರಾಣ. ಆದರೂ ಆ ಮಾತು ಬಾಯಿಂದ ಬಂದಿತ್ತು, ತಡೆಯುವ ಮೊದಲೇ. ಮಗಳ ಮುಖ ಬಾಡಿದ್ದನ್ನು ನೋಡಿ, ಅಂದು ಮೇಜಿನ ಆಚೆಗೆ ಕೂತಿದ್ದ ಗೋಂದು ನನ್ನ ಮುಖದಲ್ಲಿ ಏನು ಕಂಡಿರಬೇಕೆಂದು ತಿಳಿಯಿತು.

ಅರವತ್ತೆಂಟನೆಯ ವಯಸ್ಸಿನಲ್ಲಿ, ಬೀದಿಯ ತುದಿ ದಾಟಿದರೆ ದಾರಿ ಕೇಳುವ ನಾನು, ಒಬ್ಬಳೇ ವಿಮಾನ ಹತ್ತಿದೆ. ಕನ್ನಡಕದಂಗಡಿಯವನು ಹೊಸ ಕನ್ನಡಕ ಮಾಡಿಕೊಟ್ಟು, ಅಲ್ಲಿಯ ಪುಸ್ತಕಗಳ ಬೆನ್ನು ನೋಡುತ್ತಾ ಕೂತುಬಿಡಬೇಡಿ ಎಂದು ಎಚ್ಚರಿಸಿದ. ಕಿಟಕಿಯಾಚೆ ಮೋಡ. ಹಿಂಜಿದ ಹತ್ತಿಯ ಮೇಲೆ ಯಾರೋ ನಮ್ಮನ್ನು ಮೆಲ್ಲಗೆ ತಳ್ಳಿಕೊಂಡು ಹೋದ ಹಾಗಿತ್ತು.

ಆ ಊರು ಪುಸ್ತಕದ ಚಿತ್ರದಂತೆಯೇ ಇತ್ತು, ಆದರೆ ಬಣ್ಣ ತುಸು ಮಾಸಿತ್ತು. ಕಲ್ಲು ಹಾಸಿದ ಇಳಿಜಾರಿನ ಬೀದಿ, ಅದರ ಕೊನೆಯಲ್ಲಿ ಮಂಜು. ಮಂಜು ಸರಿದಾಗ ನೀರು. ವಸತಿಮನೆಯ ಒಡತಿ ನನ್ನಷ್ಟೇ ವಯಸ್ಸಿನವಳು, ದೊಡ್ಡ ಕೈಯವಳು. ಅವಳ ಮಾತು ನನಗೆ ತಿಳಿಯದು, ನನ್ನದು ಅವಳಿಗೆ ತಿಳಿಯದು. ಅವಳ ಫೋನಿಗೆ ಹೇಳಿದರೆ ಅದು ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ತಿರುಗಿಸಿ, ಪಾಠ ಒಪ್ಪಿಸುವ ಮಕ್ಕಳ ಹಾಗೆ ಗಟ್ಟಿಯಾಗಿ ಹೇಳುತ್ತಿತ್ತು.

"ನಿಮ್ಮ ಸಹೋದರಿಯವರು ನನ್ನ ಮೇಜನ್ನು ಪ್ರತಿದಿನ ಸರಿಸುತ್ತಿದ್ದರು" ಎಂದಿತು ಫೋನು. ಒಡತಿ ಕೋಣೆಯ ಕಿಟಕಿಯ ಬಳಿ ಹೋಗಿ ತೋರಿಸಿದಳು. ಒಂದು ದಿನ ಸರೋವರಕ್ಕೆ ಮುಖ ಮಾಡಿ ಕೂರುತ್ತಿದ್ದಳಂತೆ, ಮರುದಿನ ಸರೋವರಕ್ಕೆ ಬೆನ್ನು ಹಾಕಿ. ಇಷ್ಟು ದೂರ ಬಂದು ನೀರಿಗೆ ಬೆನ್ನು ಹಾಕಿ ಕೂರುವವರನ್ನು ತಾನು ಕಂಡಿಲ್ಲವೆಂದು ಆಕೆ ನಕ್ಕು, ಆಮೇಲೆ ನನ್ನ ಕೈ ಹಿಡಿದುಕೊಂಡಳು.

ಮರುದಿನ ನನ್ನನ್ನು ದೋಣಿಕಟ್ಟೆಗೆ ಕರೆದುಕೊಂಡು ಹೋದಳು. ಬಿಳಿಯ ದೋಣಿ ಐದು ಕಟ್ಟೆ ಮುಟ್ಟಿ, ಒಂದು ಸುತ್ತು ಬಂದು, ಹೊರಟಲ್ಲಿಗೇ ಸೇರುತ್ತದೆ. ದೋಣಿಯವನು ನಾನು ಯಾರೆಂದು ತಿಳಿದು ಟೋಪಿ ತೆಗೆದ. ಹಿಂಬದಿಯ ಒಂದು ಬೆಂಚು ತೋರಿಸಿ ಬಹಳ ಹೊತ್ತು ಮಾತಾಡಿದ. ಫೋನು ಅದನ್ನು ಚಿಕ್ಕದಾಗಿ ಹೇಳಿತು: "ಅವರು ನಿದ್ರಿಸುತ್ತಿದ್ದಾರೆಂದು ತಿಳಿದು ನಾನು ಎಬ್ಬಿಸಲಿಲ್ಲ. ಇನ್ನೊಂದು ಸುತ್ತು ಕರೆದೊಯ್ದೆ. ಕ್ಷಮಿಸಬೇಕು."

"ಒಳ್ಳೇದೇ ಮಾಡ್ದೆ ಕಣಪ್ಪಾ" ಎಂದೆ. ಫೋನು ಅವನಿಗೆ ಏನು ಹೇಳಿತೋ ತಿಳಿಯದು. ಅವನು ಟೋಪಿಯನ್ನು ಎದೆಗೆ ಒತ್ತಿಕೊಂಡು ಆಚೆ ತಿರುಗಿದ.

ಅವಳ ಪುಸ್ತಕವನ್ನು ದಿನಕ್ಕೆ ಒಂದು ದಿನದಷ್ಟೇ ಓದಬೇಕೆಂದು ನಿಶ್ಚಯಿಸಿದ್ದೆ. ದಿನಕ್ಕೆ ನಾಲ್ಕು ಪುಟ ಬರೆದಿದ್ದಳು. ಮೊದಲ ನಾಲ್ಕು ದಿನದ ಬರಹದಲ್ಲಿ ನನ್ನ ಹೆಸರೇ ಇರಲಿಲ್ಲ. ಬೀದಿಯ ಕಲ್ಲು, ಹಕ್ಕಿ, ಒಂದು ಮನೆಯ ನೀಲಿ ಬಾಗಿಲು, ಯಾರದೋ ನಾಯಿ. ಓದಿ ಮುಚ್ಚಿಟ್ಟು, ಅವಳು ನಡೆದ ಬೀದಿಗಳಲ್ಲಿ ನಡೆದೆ. ನೀಲಿ ಬಾಗಿಲು ಸಿಕ್ಕಿತು. ನಾಯಿಯೂ ಸಿಕ್ಕಿತು.

ನಾಲ್ಕನೆಯ ದಿನ ಎದ್ದಾಗ ಅಂದು ಯಾವ ವಾರವೆಂದು ನೆನಪಿಗೆ ಬರಲಿಲ್ಲ. ಬರಬೇಕೆಂದೂ ಅನಿಸಲಿಲ್ಲ. ದೋಣಿಯಲ್ಲಿ ಕೂತೆ. ಮಂಜಿನೊಳಗೆ ಹೊಕ್ಕಾಗ ದಡ ಮಾಯವಾಯಿತು. ಬೆಟ್ಟ, ಊರು, ನೀರು, ಎಲ್ಲ ಒಂದೇ ಬಿಳುಪು. ಸುತ್ತಲಿನವರ ಮಾತು ನನಗೆ ಅರ್ಥವಾಗದ್ದರಿಂದ ಅದು ದೋಣಿಗೆ ತಾಕುವ ನೀರಿನ ಸದ್ದಿನೊಂದಿಗೆ ಸೇರಿಹೋಯಿತು. ನನ್ನ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅವುಗಳಿಗೆ ತೀಡಲು ಏನೂ ಇರಲಿಲ್ಲ. ಒಬ್ಬ ಹೆಂಗಸು ನನಗೊಂದು ಹಣ್ಣು ಕೊಟ್ಟಳು, ತಿಂದೆ. ಮಂಜು ಕರಗಿದಾಗ ಬಿಸಿಲು ಯಾರೋ ಸೋಸಿ ಸುರಿದ ಹಾಗೆ ಬಿತ್ತು. ಕಟ್ಟೆಗಳು ಬಂದವು, ಹೋದವು. ನಾನು ಯಾರ ಅಕ್ಕನೂ ಅಲ್ಲ, ಯಾರ ತಾಯಿಯೂ ಅಲ್ಲ. ಬೆಂಚಿನ ಮೇಲೆ ಇಟ್ಟ ಒಂದು ಹಗುರವಾದ ಗಂಟು.

ಇಳಿದು ಬೀದಿಗೆ ಬಂದಾಗ ಎದೆಗೆ ಗುದ್ದಿದಂತೆ ಹೊಳೆಯಿತು: ಇಡೀ ಮಧ್ಯಾಹ್ನ ನನಗೆ ಗೋಂದುವಿನ ನೆನಪಾಗಿರಲಿಲ್ಲ. ಅವಳು ಪ್ರಾಣ ಬಿಟ್ಟ ದೋಣಿಯಲ್ಲೇ ಕೂತು ಅವಳನ್ನು ಮರೆತಿದ್ದೆ. ಕಲ್ಲಿನ ಮೆಟ್ಟಿಲ ಮೇಲೆ ಕೂತು, ಹೋಗಿಬರುವವರ ಎದುರಿಗೇ ಅತ್ತೆ. ಅವಳ ಮೇಲೆ ಪ್ರೀತಿ ಕಡಿಮೆಯಾಗಿತ್ತೇ? ಇಲ್ಲ. ಮರೆತದ್ದಂತೂ ನಿಜ.

ಐದನೆಯ ದಿನ ಬೆಳಿಗ್ಗೆ ಹದಿನೇಳನೆಯ ಪುಟ ತೆರೆದೆ. ಪುಟದ ತಲೆಯಲ್ಲಿ ಇರಬೇಕಾದ ಕೆಂಪು ಗೆರೆ ಕೆಳಗಿತ್ತು. ಮುಂದಿನ ಪುಟವೂ ಹಾಗೆಯೇ. ಎರಡನೆಯ ಫಾರಮ್ಮನ್ನು ನಾನು ತಲೆಕೆಳಗಾಗಿ ಹೊಲಿದಿದ್ದೆ. ನಲವತ್ತೆರಡು ವರ್ಷದಲ್ಲಿ ಇಂಥ ತಪ್ಪು ನನ್ನ ಕೈಯಿಂದ ಒಂದೂ ಆಗಿರಲಿಲ್ಲ. ಆದದ್ದು ಅವಳಿಗೆ ಕೊಟ್ಟ ಪುಸ್ತಕದಲ್ಲಿ.

ಅವಳು ಪುಸ್ತಕವನ್ನು ತಿರುಗಿಸಿ ಬರೆದಿರಲಿಲ್ಲ. ನೀಲಿ ಗೆರೆಗಳ ಮೇಲೆ ಎಂದಿನಂತೆ ದಿನಚರಿ ಬರೆದಿದ್ದಳು. ತಾರೀಖಿಗೆಂದು ಬಿಟ್ಟ ಜಾಗ ಪ್ರತಿ ಪುಟದ ಕಾಲಿಗೆ ಬಂದಿತ್ತಲ್ಲ, ಕೆಂಪು ಗೆರೆಯ ಕೆಳಗಿನ ಆ ಎರಡು ಬೆರಳಿನ ಜಾಗದಲ್ಲಿ ಸಣ್ಣಕ್ಷರದಲ್ಲಿ ಬೇರೆಯೇ ಬರೆದಿದ್ದಳು.

"ಅಕ್ಕಾ, ತಲೆಕೆಳಗು ಹೊಲಿದಿದೀಯ. ನೀನು. ಮೊದಲು ನಗು ಬಂತು, ಆಮೇಲೆ ಅಳು ಬಂತು. ಅಷ್ಟು ಸಂಕಟ ಆಗಿತ್ತಾ ನಿಂಗೆ? ಇರಲಿ, ಕೆಳಗೆ ಜಾಗ ಸಿಕ್ತು. ಇಲ್ಲಿ ನಿನ್ನ ಜೊತೆ ಮಾತಾಡ್ತೀನಿ."

ನನ್ನ ನಿಶ್ಚಯ ಮುರಿಯಿತು. ಹದಿನಾರು ಪುಟದ ಕಾಲಿನ ಬರಹವನ್ನೂ ಒಂದೇ ಉಸಿರಿಗೆ ಓದಿದೆ. ಅಂಟು ಹೆಚ್ಚು ಗಟ್ಟಿ ಮಾಡಬೇಡ ಎಂದು ಒಂದು ಕಡೆ. ಇಲ್ಲಿಯ ಪುಸ್ತಕದಂಗಡಿಯಲ್ಲಿ ಒಂದು ಪುಸ್ತಕದ ಬೆನ್ನು ನೋಡಿ ನಾಚಿಕೆಯಾಯಿತು, ನಮ್ಮ ಅಪ್ಪ ಕಂಡಿದ್ದರೆ ಬೈಯುತ್ತಿದ್ದರು ಎಂದು ಇನ್ನೊಂದು ಕಡೆ. ಒಂದು ಪುಟದ ಕೆಳಗೆ ಹೀಗಿತ್ತು:

"ಹೌದು ಅಕ್ಕಾ, ನಿನ್ನಿಂದಾನೂ ತಪ್ಪಿಸ್ಕೊಂಡು ಬಂದೆ. ಸುಳ್ಳು ಯಾಕೆ ಹೇಳ್ಲಿ. ನಿನ್ನೆ ಇಡೀ ದಿನ ನಿನ್ನ ನೆನಪೇ ಆಗ್ಲಿಲ್ಲ, ಹಾಯಾಗಿತ್ತು. ಇವತ್ತು ದಾರ ಕಂಡೆ, ನೆನಪಾಯ್ತು. ಅದೂ ಹಾಯಾಗಿತ್ತು."

ಮತ್ತೊಂದರ ಕೆಳಗೆ:

"ಮೇಜಿನ ಎರಡು ಕಡೆಯೂ ಕೂತು ನೋಡ್ದೆ. ಕಿಟಕಿ ಕಡೆ ತಿರುಗಿದ್ರೆ ಕೆರೆ ಕಾಣುತ್ತೆ. ಬೆನ್ನು ಹಾಕಿದ್ರೆ ಬರೀ ಗೋಡೆ. ನಮ್ಮ ಅಂಗಡೀಲಿ ಗೋಡೆ ಮುಂದೆ ನೀನಿರ್ತಿದ್ದೆ, ಅದಕ್ಕೇ ಬೇಜಾರಾಗ್ತಿರ್ಲಿಲ್ಲ ಅನ್ಸುತ್ತೆ. ಬಂದ್ಮೇಲೆ ಜಾಗ ಬದಲಾಯಿಸೋಣ. ನಂಗೆ ಸ್ವಲ್ಪ ದಿನ ಕಿಟಕಿ ಕೊಡು."

ಪುಸ್ತಕವನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡೆ. ನಾನು ದೇವರನ್ನು ಕೇಳುತ್ತಿದ್ದುದಕ್ಕೆ ಅವಳೇ ಉತ್ತರ ಬರೆದಿಟ್ಟಿದ್ದಳು. ಹೌದು ಎಂದೇ ಬರೆದಿದ್ದಳು. ಆ ಹೌದು ನನಗೆ ನೋವು ಮಾಡಲಿಲ್ಲ, ಏಕೆಂದರೆ ಹಿಂದಿನ ಮಧ್ಯಾಹ್ನ ದೋಣಿಯಲ್ಲಿ ನಾನೂ ಅಷ್ಟೇ ದೂರ ಹೋಗಿ ಬಂದಿದ್ದೆ.

ಉಳಿದ ದಿನ ದಿನಕ್ಕೊಂದರಂತೆ ಮತ್ತೆ ಓದಿದೆ. ಮೂರನೆಯ ಫಾರಂ ನೆಟ್ಟಗಿತ್ತು, ಕೆಳಗೆ ಜಾಗವಿರಲಿಲ್ಲ, ನನಗೆಂದು ಬರೆದ ಮಾತೂ ಇರಲಿಲ್ಲ. ಎಲ್ಲವನ್ನೂ ತಲೆಕೆಳಗಾಗಿಯೇ ಹೊಲಿಯಬಾರದಾಗಿತ್ತೇ ಎಂದು ನನ್ನನ್ನು ನಾನೇ ಬೈದುಕೊಂಡೆ. ಕೊನೆಯ ದಿನ ದೋಣಿಯ ಹಿಂಬದಿಯ ಬೆಂಚಿನಲ್ಲಿ ಕೂತೆ. ಒಂದು ಸುತ್ತು ಮುಗಿಯಿತು. ದೋಣಿಯವನು ತಿರುಗಿ ನೋಡಿದ. ನಾನು ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದು ತೋರಿಸಿದೆ. ಅವನು ತಲೆಯಾಡಿಸಿ, ನನ್ನನ್ನೂ ಇನ್ನೊಂದು ಸುತ್ತು ಕರೆದುಕೊಂಡು ಹೋದ.

ಊರಿಗೆ ಮರಳಿದ ಮರುದಿನ ಎಂಟೂವರೆಗೆ ಬಾಗಿಲು ತೆರೆದೆ. ಅಂಟು ಕಾಯಿಸಿದೆ. ಎರಡನೇ ಖಾನೆಯಲ್ಲಿ, ಮೇಣದ ಪಕ್ಕ, ದಾರವಿತ್ತು. ಮೇಜಿನ ಬಳಿ ಬಂದು, ನನ್ನ ಜಾಗವನ್ನು ಬಿಟ್ಟು, ಸುತ್ತಿಕೊಂಡು ಹೋಗಿ ಅವಳ ಕುರ್ಚಿಯಲ್ಲಿ ಕೂತೆ. ಬೆನ್ನಿಗೆ ಕಿಟಕಿಯ ಬಿಸಿಲು ಬೆಚ್ಚಗೆ ತಾಕಿತು. ನಲವತ್ತೆರಡು ವರ್ಷ ನಾನು ಅವಳನ್ನು ಬೆಳಕಿಗೆ ಎದುರಾಗಿಯೇ ನೋಡಿದ್ದೆ. ಅವಳ ಮುಖ ಯಾವಾಗಲೂ ಅರ್ಧ ನೆರಳಿನಲ್ಲಿರುತ್ತಿತ್ತು. ಅವಳಿಗೆ ಮಾತ್ರ ನನ್ನ ಮುಖದ ಒಂದೊಂದು ಗೆರೆಯೂ ಸ್ಪಷ್ಟವಾಗಿ ಕಾಣುತ್ತಿದ್ದಿರಬೇಕು, ಸಿಟ್ಟಿನ ಗೆರೆಯೂ ಸೇರಿ. ಈಗ ಎದುರಿಗಿದ್ದ ನನ್ನ ಖಾಲಿ ಕುರ್ಚಿಯ ಮೇಲೆ ಬೆಳಕು ತುಂಬಿತ್ತು.

ಕನ್ನಡಕದಂಗಡಿಯವನು ಬಾಗಿಲಲ್ಲಿ ಇಣುಕಿ, ಜಾಗ ಬದಲಾಯಿತಲ್ಲ, ಇನ್ನು ನಾವು ಗಂಟೆ ನೋಡುವುದು ಹೇಗೆ ಎಂದ. ಎದುರಿನ ಖಾಲಿ ಕುರ್ಚಿ ತೋರಿಸಿ, ಇನ್ನು ಆ ಕುರ್ಚಿ ಗೋಂದಮ್ಮನದು, ಅವಳು ಕಿಟಕಿ ಕೇಳಿದ್ದಳು ಎಂದೆ. ಅವನು ತನ್ನ ಅಂಗಡಿಗೆ ಹೋದ. ನಾನು ಕೈ ಮುಗಿದು ಕಣ್ಣು ಮುಚ್ಚಿದೆ. ಅವಳಿಗೆ ಉದ್ದದ ಪ್ರಾರ್ಥನೆ ಹಿಡಿಸದು. ಆದ್ದರಿಂದ ಚಿಕ್ಕದಾಗಿ ಹೇಳಿದೆ.

ದೇವರೇ, ನನ್ನ ತಂಗಿ ಒಬ್ಬಳೇ ನಿನ್ನ ಬಳಿಗೆ ಬಂದಿದ್ದಾಳೆ. ನಿನ್ನ ಮನೆಯಲ್ಲಿ ಅವಳನ್ನು ಕಿಟಕಿಯ ಕಡೆಗೆ ಮುಖ ಮಾಡಿ ಕೂರಿಸು. ಕೈಗೆ ಕೆಲಸ ಕೊಡಬೇಡ. ನೀರಿನ ಮೇಲೆ ನಿದ್ದೆ ಹೋದವಳನ್ನು ಎಬ್ಬಿಸದೆ ಇನ್ನೊಂದು ಸುತ್ತು ಕರೆದುಕೊಂಡು ಹೋಗು. ಅವಳ ಆತ್ಮಕ್ಕೆ ಶಾಂತಿಯಿರಲಿ.